ಫೋನ್ ನಂಬರ್ ಕೇಳದೆ ಕಿಡಿಗೇಡಿಗಳನ್ನು ತಡೆಯೋದು ಹೇಗೆ?

ಪ್ರಶ್ನೆ: ಕುಡಿತ ಬಿಡಲು ಹೆಣಗುತ್ತಿರುವವರಿಗಾಗಿ ಒಂದು ಚಾಟ್ ಗುಂಪು ನಡೆಸ್ತಿದ್ದೀನಿ. ಯಾರ ನಿಜ ಹೆಸರೂ ನನಗೆ ಗೊತ್ತಿಲ್ಲ, ಅದಕ್ಕೇ ಮನಸ್ಸು ಬಿಚ್ಚಿ ಮಾತಾಡ್ತಾರೆ. ಒಬ್ಬ ಮಾತ್ರ, ಎಷ್ಟು ಸಲ ಹೊರಗೆ ಹಾಕಿದರೂ ಹೊಸ ಹೆಸರಲ್ಲಿ ಬಂದು ಬೈದು ಹೋಗ್ತಾನೆ. ಎಲ್ಲರ ಫೋನ್ ನಂಬರ್ ತಗೊಂಡುಬಿಡಲಾ?

ಉತ್ತರ 1: ಬೇಡ. ನಾವು ತಗೊಂಡು ಕೈ ಸುಟ್ಟುಕೊಂಡ್ವಿ. ಕಿಡಿಗೇಡಿ ಇನ್ನೊಂದು ಸಿಮ್ ತಂದ. ಬಿಟ್ಟುಹೋದವರು ಮನೆಯವರ ಕಣ್ಣು ತಪ್ಪಿಸಿ ಬರ್ತಿದ್ದವರು. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಿಗೆ ಗುರುತು ದೃಢೀಕರಣ ಕಡ್ಡಾಯ ಮಾಡಿತ್ತು. 2011ರಲ್ಲಿ ಅಲ್ಲಿ ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳುವಾಯ್ತು, ಮರುವರ್ಷ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು.

ಉತ್ತರ 2: ಐಪಿ (ಇಂಟರ್ನೆಟ್ ಸಂಪರ್ಕದ ವಿಳಾಸ) ನಿಷೇಧವನ್ನೂ ನೆಚ್ಚಿಕೊಳ್ಳಬೇಡಿ. ಮೊಬೈಲ್ ಜಾಲದಲ್ಲಿ ಬಹಳಷ್ಟು ಜನ ಒಂದೇ ಐಪಿ ಹಿಂದೆ ಇರ್ತಾರೆ. ನಾನು ಒಬ್ಬನಿಗೆ ಬಾಗಿಲು ಹಾಕಿದೆ, ಹಳೇ ಸದಸ್ಯರು ಮೂವರು ಹೊರಗೆ ಉಳಿದರು. ಅವನು ಏರೋಪ್ಲೇನ್ ಮೋಡ್ ಒತ್ತಿ ತೆಗೆದು, ಹೊಸ ಐಪಿ ಪಡೆದು ವಾಪಸ್ ಬಂದ!

ಉತ್ತರ 3: ಐಪಿಯನ್ನು ಹ್ಯಾಶ್ ಮಾಡಿ, ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿ ಬದಲಿಸಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ ಅಂತ ನಾನೂ ಬೀಗ್ತಿದ್ದೆ. ಐಪಿವಿ4 ಅನ್ನೋ ಹಳೇ ಮಾದರಿಯ ಐಪಿ ವಿಳಾಸ ಇರೋದೇ ಸುಮಾರು 430 ಕೋಟಿ. ಕಂಪ್ಯೂಟರ್‌ಗೆ ಅದೇನು ದೊಡ್ಡ ಸಂಖ್ಯೆ? ಪ್ರತಿಯೊಂದಕ್ಕೂ ಹ್ಯಾಶ್ ಲೆಕ್ಕ ಹಾಕಿ ತಾಳೆ ನೋಡಿದರೆ ಮುಗೀತು. ಈಗ ಗುಟ್ಟಿನ ಕೀಲಿ ಸೇರಿಸಿ ಹ್ಯಾಶ್ ಮಾಡ್ತೀವಿ, ವಾರಕ್ಕೊಮ್ಮೆ ಹಳೇ ಕೀಲಿ ಅಳಿಸಿ ಹೊಸದು ಹಾಕ್ತೀವಿ. ವಾರದೊಳಗೆ ಅದೇ ಐಪಿಯಿಂದ ಬಂದರೆ ಗೊತ್ತಾಗುತ್ತೆ. ಆಮೇಲೆ ಯಾರು ಬಂದು ಕೇಳಿದರೂ ಕೊಡೋಕೆ ನಮ್ಮ ಹತ್ರ ಏನೂ ಇರಲ್ಲ.

ಉತ್ತರ 4: ಅವನು ಯಾರು ಅನ್ನೋದು ಬಿಡಿ, ಹೊಸ ಖಾತೆಗೆ ಏನು ಸಿಗುತ್ತೆ ನೋಡಿ. ನಮ್ಮಲ್ಲಿ ಮೊದಲ ದಿನ ಖಾಸಗಿ ಸಂದೇಶ ಇಲ್ಲ, ಲಿಂಕ್ ಇಲ್ಲ, ಅರ್ಧ ನಿಮಿಷಕ್ಕೆ ಒಂದೇ ಮಾತು. ಅಡ್ಡಹೆಸರು ಹಳೆಯದಾದ ಹಾಗೆ ಸಲಿಗೆ. ಬೈಯೋಕೆ ಬಂದವನಿಗೆ ಕಾಯೋ ತಾಳ್ಮೆ ಇರಲ್ಲ.

ಉತ್ತರ 3: ಆದರೆ ರಾತ್ರಿ ಎರಡಕ್ಕೆ ಕೈ ನಡುಗುತ್ತಾ ಮೊದಲ ಸಲ ಬಂದವರಿಗೂ ಅದೇ ಕಾಯುವಿಕೆ ಅಲ್ವಾ?

ಉತ್ತರ 4: ಹೌದು, ಅದು ನನ್ನನ್ನೂ ಕೊರೆಯುತ್ತೆ. ಮಾತಿಗೆ ತಡೆ ಸಡಿಲಿಸಿ, ಖಾಸಗಿ ಸಂದೇಶಕ್ಕೆ ಮಾತ್ರ ಸಡಿಲಿಸಬೇಡಿ. ನಮ್ಮಲ್ಲಿ ಅತಿ ಕೆಟ್ಟ ಕಿರುಕುಳವೆಲ್ಲ ಅಲ್ಲೇ ನಡೆದಿದ್ದು.

ಪ್ರಶ್ನೆ ಕೇಳಿದವರು: ಹೊಸಬರಿಗೆ ಖಾಸಗಿ ಸಂದೇಶ ಇವತ್ತೇ ಮುಚ್ಚಿದೆ. ರಾತ್ರಿ ಪಾಳಿಗೆ ಹಳೇ ಸದಸ್ಯರಿಬ್ಬರನ್ನು ಕೇಳಿದ್ದೀನಿ, ಒಬ್ಬರು ಒಪ್ಪಿದ್ದಾರೆ.