ಡೇವಿಸ್ ಕಪ್‌ನ ‘ಟೈ’, ‘ರಬ್ಬರ್’, ‘ವಾಕ್‌ಓವರ್’: ನಾಳೆ ಬೆಳಿಗ್ಗೆಯೊಳಗೆ ಬೇಕು

ಸು. (ತುಮಕೂರು) ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಶಾಲೆಯ ಕ್ರೀಡಾ ಕೊಠಡಿಗೆ ಗೋಡೆ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಹಾಕಿ, ಕ್ರಿಕೆಟ್ ಮುಗಿದವು. ಟೆನಿಸ್ ಹತ್ತಿರ ಕೈ ನಿಂತಿದೆ.

ಫಲಕ ಇರುವುದು 1974ರ ಡೇವಿಸ್ ಕಪ್ (ದೇಶಗಳ ತಂಡಗಳು ಆಡುವ ಟೆನಿಸ್ ಟೂರ್ನಿ) ಬಗ್ಗೆ. ಆ ವರ್ಷ ಭಾರತ ಕಲ್ಕತ್ತದಲ್ಲಿ ಆಸ್ಟ್ರೇಲಿಯವನ್ನು 3-2ರಿಂದ ಸೋಲಿಸಿತು. ಆಮೇಲೆ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು 3-1ರಿಂದ. ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಅಲ್ಲಿಗೆ ಹೋಗಲಿಲ್ಲ. ಕಪ್ ಅವರ ಪಾಲಾಯಿತು.

ಬೇಕಿರುವುದು ಮೂರು ಪದ. ಎರಡು ದೇಶಗಳ ನಡುವಿನ ಇಡೀ ಹೋರಾಟಕ್ಕೆ ಟೆನಿಸ್‌ನವರು ‘ಟೈ’ ಅನ್ನುತ್ತಾರೆ. ಅದರೊಳಗಿನ ಐದು ಪಂದ್ಯಗಳಲ್ಲಿ ಒಂದೊಂದೂ ‘ರಬ್ಬರ್’. ಕೊನೆಯದು ‘ವಾಕ್‌ಓವರ್’, ಅಂದರೆ ಎದುರಾಳಿ ಆಡದೆ ಇದ್ದಾಗ ಸಿಗುವ ಗೆಲುವು. ಸದ್ಯಕ್ಕೆ ನನ್ನ ಕರಡು ಹೀಗಿದೆ: “ಆಸ್ಟ್ರೇಲಿಯ ವಿರುದ್ಧದ ಟೈನ ಡಬಲ್ಸ್ ರಬ್ಬರ್ 99 ಗೇಮ್‌ಗಳವರೆಗೆ ಸಾಗಿತು. ಫೈನಲ್‌ನಲ್ಲಿ ಭಾರತ ವಾಕ್‌ಓವರ್ ನೀಡಿತು.”

ಓದುವವರು ಏಳನೇ ತರಗತಿ ಮಕ್ಕಳು. ಫ್ಲೆಕ್ಸ್‌ನವರು ನಾಳೆ ಹತ್ತು ಗಂಟೆಗೆ ಮ್ಯಾಟರ್ ಕೇಳಿದ್ದಾರೆ. ದಯವಿಟ್ಟು ಬೇಗ ಹೇಳಿ.

ನಾ. ಭ. (ಮೈಸೂರು):

ಟೈ: ಹಣಾಹಣಿ. ರಬ್ಬರ್: ಪಂದ್ಯ. ವಾಕ್‌ಓವರ್: ಅನಾಯಾಸ ಜಯ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಹಳೇ ಡೆಸ್ಕ್ (ಹುಬ್ಬಳ್ಳಿ):

ಮೇಡಂ, ಕ್ರೀಡಾಪುಟದಲ್ಲಿ ಬಹಳ ವರ್ಷ ತಲೆಬರಹ ಕೊಟ್ಟವನ ಮಾತು ಕೇಳಿ. ‘ಟೈ’ ಅಂತ ಮಾತ್ರ ಹಾಕಬೇಡಿ. ಕ್ರಿಕೆಟ್‌ನಿಂದಾಗಿ ನಮ್ಮ ಓದುಗರಿಗೆ ಟೈ ಅಂದರೆ ಸಮ. ಅದೂ ಆಸ್ಟ್ರೇಲಿಯದ ಹೆಸರಿನ ಪಕ್ಕ! 1986ರಲ್ಲಿ ಇದೇ ಎರಡು ದೇಶಗಳ ಮದ್ರಾಸ್ ಟೆಸ್ಟ್ ನಿಜವಾಗಿಯೂ ಟೈ ಆಗಿತ್ತು. ಪಕ್ಕದ ಗೋಡೆಯ ಕ್ರಿಕೆಟ್ ಫಲಕದಲ್ಲಿ ಅದೇನಾದರೂ ಇದ್ದರೆ ಮಕ್ಕಳ ಕಥೆ ಮುಗೀತು.

‘ರಬ್ಬರ್’ ಅಂತೂ ಬೇಡವೇ ಬೇಡ. ಅದು ಇಸ್ಪೀಟಿನ ಆಟಗಳಲ್ಲೂ ಇರುವ ಮಾತು. ನಮ್ಮ ಮಕ್ಕಳಿಗೆ ರಬ್ಬರ್ ಅಂದರೆ ಪೆನ್ಸಿಲ್ ಬರಹ ಅಳಿಸೋದು. 1987ರ ಫೈನಲ್‌ನಲ್ಲಿ ಸ್ವೀಡನ್ ಮೊದಲ ಮೂರೂ ಗೆದ್ದು ಕಪ್ ಕೈಗೆ ತೆಗೆದುಕೊಂಡ ಮೇಲೆ ಉಳಿದ ಎರಡಕ್ಕೆ ಸುದ್ದಿಸಂಸ್ಥೆಯವರು ‘ಡೆಡ್ ರಬ್ಬರ್’ ಅನ್ನೋರು. ನಾವು ‘ಔಪಚಾರಿಕ ಪಂದ್ಯ’ ಅಂತ ಹಾಕುತ್ತಿದ್ದೆವು. ಯಾರೂ ಜಗಳ ಆಡಲಿಲ್ಲ.

‘ಹಣಾಹಣಿ’ ಒಳ್ಳೆಯ ಪದ. ‘ಅನಾಯಾಸ ಜಯ’ ಇಲ್ಲಿ ಸರಿಹೋಗಲ್ಲ. ಅದನ್ನು 6-1, 6-0 ಅಂತ ಗೆದ್ದವರಿಗೂ ಬರೆಯುತ್ತೇವೆ.

ಅಚ್ಚಗನ್ನಡ (ಶಿವಮೊಗ್ಗ):

‘ಸೆಣಸು’ ಇರುವಾಗ ‘ಹಣಾಹಣಿ’ ಯಾಕೆ? ಪದ ಕನ್ನಡದ್ದು, ಕಟ್ಟಿದ ಬಗೆ ಸಂಸ್ಕೃತದ್ದು. ಕೇಶಾಕೇಶಿ, ಮುಷ್ಟಾಮುಷ್ಟಿ ಮಾಡಿದ ಅಚ್ಚಿನಲ್ಲೇ ಇದನ್ನೂ ಒತ್ತಿದ್ದಾರೆ. ನನ್ನ ಸಲಹೆ: ಟೈಗೆ ‘ಸೆಣಸು’, ರಬ್ಬರ್‌ಗೆ ‘ಆಟ’, ವಾಕ್‌ಓವರ್‌ಗೆ ‘ಆಡದ ಗೆಲುವು’. ‘ಪಂದ್ಯ’ ಅಂದರೆ ಮೊದಲಿಗೆ ಬಾಜಿ. ತಮಿಳಿನ ಪಂದಯಂ, ತೆಲುಗಿನ ಪಂದೆಂ ನೋಡಿ. ಶಾಲೆಯ ಗೋಡೆ ಮೇಲೆ ಬಾಜಿ ಬೇಕಾ?

ನಾ. ಭ.:

ಪದದ ಬೇರು ಅಗೆದು ಅರ್ಥ ಹೇಳುವ ಚಟ ಬಿಡಿ. ಇವತ್ತು ಪಂದ್ಯ ಅಂದರೆ ಪಂದ್ಯ. ‘ಹಣಾಹಣಿ’ಯಲ್ಲಿ ಇರುವುದು ಹಣೆ. ಟಗರುಗಳು ಹಣೆಗೆ ಹಣೆ ಕೊಟ್ಟು ಕಾದುವುದನ್ನು ನೋಡಿದವರು ಮಾಡಿದ ಪದ. ಎರಡು ದೇಶ ಎದುರುಬದುರಾಗುವುದಕ್ಕೆ ಇದಕ್ಕಿಂತ ಚೆನ್ನಾದದ್ದು ಸಿಗುವುದಿಲ್ಲ.

ಹಳೇ ಡೆಸ್ಕ್:

ಬೇರು ಅಗೆಯಬೇಡಿ ಅಂದವರು ಮುಂದಿನ ಸಾಲಲ್ಲೇ ಗುದ್ದಲಿ ಹಿಡಿದರಲ್ಲ ರಾಯರೇ! ಹಣೆ ಅಲ್ಲ, ‘ಹಣಿ’. ಹೊಡೆ, ಬಡಿ ಅಂತ ಅರ್ಥ. ‘ಭಾರತವನ್ನು ಹಣಿದ ಸ್ವೀಡನ್’ ಅಂತ ನಾವೇ ಬರೆಯುತ್ತಿದ್ದೆವು.

ನಾ. ಭ.:

ಹಣಿಯಿಂದ ಹಣಿದಾಟ ಆಗುತ್ತದೆ. ಹಣಾಹಣಿ ಆಗುವುದಿಲ್ಲ. ಕ್ರಿಯಾಪದದಿಂದ ಈ ಸಮಾಸ ಕಟ್ಟಿದ ಇನ್ನೊಂದು ಉದಾಹರಣೆ ಕೊಡಿ, ಒಪ್ಪುತ್ತೇನೆ.

ಅಚ್ಚಗನ್ನಡ:

ಅದಕ್ಕೇ ಹೇಳಿದ್ದು, ಸೆಣಸು ಅಂತ ಬರೆಯಿರಿ.

ಎಚ್ಚೆನ್ (ಬೆಂಗಳೂರು):

ಕೇಳಿದವರಿಗೆ ನಾಳೆ ಹತ್ತು ಗಂಟೆಗೆ ಪದ ಬೇಕು. ನೀವು ಟಗರು ಕಾಳಗಕ್ಕೆ ಇಳಿದಿದ್ದೀರಿ.

ಒಂದು ವಿಷಯ ಯಾರೂ ನೋಡಿದ ಹಾಗಿಲ್ಲ. ಡೇವಿಸ್ ಕಪ್‌ನಲ್ಲಿ ಮೆಟ್ಟಿಲು ಐದು. ಪಾಯಿಂಟ್, ಅದರ ಮೇಲೆ ಗೇಮ್, ಅದರ ಮೇಲೆ ಸೆಟ್, ಆಮೇಲೆ ಪಂದ್ಯ, ಎಲ್ಲಕ್ಕಿಂತ ಮೇಲೆ ಈ ಟೈ. ಐದಕ್ಕೂ ಬೇರೆಬೇರೆ ಮಾತು ಬೇಕೇ ಬೇಕು. ಪಂದ್ಯಕ್ಕೆ ‘ಆಟ’ ಅಂತ ಕೊಟ್ಟುಬಿಟ್ಟರೆ ಗೇಮ್‌ಗೆ ಏನು ಉಳಿಯುತ್ತೆ? ಆ ಕಲ್ಕತ್ತ ಹೋರಾಟದಲ್ಲಿ ಐದು ಪಂದ್ಯ ಸೇರಿ ಒಟ್ಟು 327 ಗೇಮ್ ನಡೆದವು. ಡೇವಿಸ್ ಕಪ್‌ನಲ್ಲೇ ಅದು ದಾಖಲೆ. ‘327 ಆಟ’ ಅಂತ ಬರೆದರೆ ಎರಡು ತಂಡಗಳೂ ವರ್ಷವಿಡೀ ಆಡಿದವಾ ಅಂತ ಮಕ್ಕಳು ಕೇಳುತ್ತಾರೆ. ಅದಕ್ಕೆ ಗೇಮ್ ಗೇಮ್ ಆಗಿಯೇ ಇರಲಿ, ಸೆಟ್ ಸೆಟ್ ಆಗಿಯೇ ಇರಲಿ. ಮೇಲಿನ ಎರಡಕ್ಕೆ ಮಾತ್ರ ಕನ್ನಡ ಸಾಕು.

ಫಲಕದಲ್ಲಿ ಜಾಗ ಇದ್ದರೆ ಡಬಲ್ಸ್ ಅಂಕಿಗಳನ್ನು ಪೂರ್ತಿ ಹಾಕಿ ಮೇಡಂ. ಆನಂದ್ ಅಮೃತರಾಜ್, ವಿಜಯ್ ಅಮೃತರಾಜ್ ಒಂದು ಕಡೆ. ಜಾನ್ ಅಲೆಕ್ಸಾಂಡರ್, ಕಾಲಿನ್ ಡಿಬ್ಲಿ ಇನ್ನೊಂದು ಕಡೆ. 17-15, 6-8, 6-3, 16-18, 6-4. ನಾಲ್ಕನೇ ಸೆಟ್ ಒಂದರಲ್ಲೇ 34 ಗೇಮ್! ಸೆಟ್ 6-6 ಆದಾಗ ಅದನ್ನು ಬೇಗ ಮುಗಿಸುವ ಟೈಬ್ರೇಕ್ ಆಗ ಈ ಕಪ್‌ನಲ್ಲಿ ಇರಲಿಲ್ಲ, ಬಂದಿದ್ದು 1989ರಲ್ಲಿ. ಈ ‘ಟೈಬ್ರೇಕ್’ ಇದೆಯಲ್ಲ, ಅದರಲ್ಲಿನ ಟೈ ಅಂದರೆ ಸಮಬಲವೇ. ಒಂದೇ ಆಟದಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಇಂಗ್ಲಿಷಿನವರಿಗೇ ಹೊಂದಿಸಿಕೊಳ್ಳಲು ಆಗದ್ದನ್ನು ನಾವು ಯಾಕೆ ಹೊತ್ತುಕೊಳ್ಳಬೇಕು?

ಕೊಡಗಿನವ:

2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ಎದುರು 0-2 ಇದ್ದದ್ದು 3-2 ಆಯಿತು. ನಮ್ಮ ರೋಹನ್ ಬೋಪಣ್ಣ ಕೊನೆಯದನ್ನು ಗೆದ್ದಾಗ ಇಲ್ಲಿ ಎಲ್ಲರೂ ಹೇಳಿದ್ದು ‘ಐದನೇ ಮ್ಯಾಚ್’ ಅಂತ. ರಬ್ಬರೂ ಇಲ್ಲ, ಪಂದ್ಯವೂ ಇಲ್ಲ. ಮ್ಯಾಚ್ ಅಂದರೆ ಯಾರಿಗೆ ಅರ್ಥ ಆಗಲ್ಲ?

ಅಚ್ಚಗನ್ನಡ:

ಹಾಗಾದರೆ ಫಲಕ ಪೂರ್ತಿ ಇಂಗ್ಲಿಷಿನಲ್ಲೇ ಇರಲಿ ಬಿಡಿ. ಅನುವಾದ ಯಾಕೆ?

ಕೊಡಗಿನವ:

‘ಟೆನಿಸ್’ಗೆ ಏನು ಮಾಡುತ್ತೀರಿ? ಅದು ಇಂಗ್ಲಿಷಿನದೂ ಅಲ್ಲ. ‘ತಗೋ’ ಅನ್ನುವ ಫ್ರೆಂಚ್ ಮಾತಿನಿಂದ ಬಂದಿದ್ದು ಅಂತಾರೆ. ಅವರು ಎರವಲು ತಂದು ಆರಾಮಾಗಿ ಆಡಿಕೊಂಡಿದ್ದಾರೆ.

ಎಚ್ಚೆನ್:

ಇನ್ನು ಯಾರಾದರೂ ಟೆನಿಸ್‌ನಲ್ಲಿ ಸೊನ್ನೆಗೆ ಹೇಳುವ ‘ಲವ್’ ಅಂದರೆ ಫ್ರೆಂಚ್ ಮೊಟ್ಟೆ ಅಂತ ಶುರು ಮಾಡುವ ಮುಂಚೆ ಮೂರನೇ ಪದಕ್ಕೆ ಬನ್ನಿ. ನಿಜವಾದ ತೊಂದರೆ ಇರುವುದು ಅಲ್ಲಿ.

ಸು.:

ಹೌದು, ನನಗೂ ಅದೇ ಬೇಕು. ಟೈಗೆ ಹಣಾಹಣಿ, ರಬ್ಬರ್‌ಗೆ ಪಂದ್ಯ ಅಂತ ಇಟ್ಟುಕೊಂಡಿದ್ದೇನೆ. ಅಚ್ಚಗನ್ನಡದವರು ಬೇಜಾರು ಮಾಡಿಕೊಳ್ಳಬೇಡಿ. ‘ಸೆಣಸು’ ಮಕ್ಕಳಿಗೆ ಗೊತ್ತಿಲ್ಲ, ಗುರುಗಳನ್ನು ಕೇಳುತ್ತಾರೆ, ಅವರು ನನ್ನನ್ನು ಕೇಳುತ್ತಾರೆ. ವಾಕ್‌ಓವರ್‌ಗೆ ಹೇಳಿ.

ಹಳೇ ಡೆಸ್ಕ್:

ವಾಕ್‌ಓವರ್ ಕುದುರೆ ರೇಸಿನ ಮಾತು. ಬೇರೆ ಕುದುರೆಗಳೆಲ್ಲ ಹಿಂದೆ ಸರಿದರೆ ಉಳಿದ ಒಂದು ಕುದುರೆ ಸುಮ್ಮನೆ ಟ್ರ್ಯಾಕ್ ಮೇಲೆ ನಡೆದು ಬಂದರೆ ಸಾಕು, ಬಹುಮಾನ ಅದಕ್ಕೇ. ಓಡಬೇಕಾಗಿಲ್ಲ. ಅದರಿಂದ ಬೇರೆ ಆಟಗಳಿಗೆ ಬಂತು.

ಕನ್ನಡದಲ್ಲಿ ಅದು ಬೇರೆಯೇ ದಾರಿ ಹಿಡಿದಿದೆ. ಚುನಾವಣೆ ಸುದ್ದಿ ಓದಿ. ‘ಆ ಕ್ಷೇತ್ರದಲ್ಲಿ ಎದುರಾಳಿಗೆ ವಾಕ್‌ಓವರ್ ಕೊಟ್ಟರು’ ಅಂದರೆ ಬೇಕಂತಲೇ ಡಮ್ಮಿ ಅಭ್ಯರ್ಥಿ ನಿಲ್ಲಿಸಿದರು, ಒಳಗೊಳಗೇ ಏನೋ ನಡೆದಿದೆ ಅಂತ ಅರ್ಥ. ಹಾಗಾಗಿ ‘ಭಾರತ ವಾಕ್‌ಓವರ್ ನೀಡಿತು’ ಅಂತ ಓದಿದವರಿಗೆ ಭಾರತ ಹೆದರಿತೋ ಡೀಲ್ ಮಾಡಿಕೊಂಡಿತೋ ಅನ್ನಿಸುತ್ತೆ. ನಡೆದಿದ್ದು ಪೂರ್ತಿ ಉಲ್ಟಾ. ಗೆಲ್ಲುವ ಅವಕಾಶ ಚೆನ್ನಾಗಿಯೇ ಇದ್ದ ತಂಡ ಅದು. 1966ರಲ್ಲಿ ರಾಮನಾಥನ್ ಕೃಷ್ಣನ್ ಅವರಿದ್ದ ತಂಡ ಮೆಲ್ಬರ್ನ್‌ನಲ್ಲಿ ಫೈನಲ್ ಆಡಿ 4-1ರಿಂದ ಸೋತಿತ್ತು. ಅದಾದ ಮೇಲೆ ಸಿಕ್ಕ ಎರಡನೇ ಫೈನಲ್ ಇದು. ಅದನ್ನೇ ಬಿಟ್ಟರು.

ನಾ. ಭ.:

‘ಬಹಿಷ್ಕಾರ’. ಭಾರತ ಫೈನಲ್ ಬಹಿಷ್ಕರಿಸಿತು. ಸ್ಪಷ್ಟವಾಗಿದೆ.

ಅಚ್ಚಗನ್ನಡ:

ಬಹಿಷ್ಕಾರ ಅಂದರೆ ಹೊರಗೆ ಹಾಕುವುದು. ಹಳ್ಳಿಗಳಲ್ಲಿ ಯಾರಿಗೆ ಬಹಿಷ್ಕಾರ ಹಾಕುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀರು ಇಲ್ಲ, ಅಂಗಡಿಯಲ್ಲಿ ಸಾಮಾನು ಇಲ್ಲ, ಕೆಲಸಕ್ಕೆ ಕರೆಯಲ್ಲ. ಮನುಷ್ಯರನ್ನು ಹುಟ್ಟಿನ ಮೇಲೆ ಬೇರೆ ಇಟ್ಟ ಸರ್ಕಾರದ ವಿರುದ್ಧ ಎದ್ದ ಪ್ರತಿಭಟನೆಗೆ ಈ ಪದವೇ ಬೇಕಾ? ಇದು ಶುದ್ಧ ಕನ್ನಡದ ಪ್ರಶ್ನೆ ಅಲ್ಲ.

ಎಚ್ಚೆನ್:

ಈ ಮಾತಿಗೆ ತೂಕ ಇದೆ. ಆದರೆ ಒಂದು ತಮಾಷೆ ಕೇಳಿ. ‘ಬಾಯ್ಕಾಟ್’ ಅನ್ನುವುದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಜಮೀನ್ದಾರನೊಬ್ಬನ ಏಜೆಂಟ್ ಆಗಿದ್ದ ಕ್ಯಾಪ್ಟನ್ ಬಾಯ್ಕಾಟ್. 1880ರಲ್ಲಿ ಅಲ್ಲಿನ ಗೇಣಿ ರೈತರು ಅವನ ಜೊತೆ ಮಾತು ಬಿಟ್ಟರು, ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಅಂದರೆ ಅವನಿಗೆ ಹಾಕಿದ್ದು ನೀವು ಹೇಳಿದ ಹಳ್ಳಿ ಬಹಿಷ್ಕಾರವೇ. ಹಾಕಿದವರು ಮಾತ್ರ ಕೆಳಗಿನವರು.

ನಾ. ಭ.:

ಅಲ್ಲಿಗೆ ನನ್ನ ಪದ ಸರಿ ಅಂತಾಯಿತು.

ಅಚ್ಚಗನ್ನಡ:

ಐರ್ಲೆಂಡಿನಲ್ಲಿ ಸರಿ. ತುಮಕೂರಿನ ಗೋಡೆ ಮೇಲೆ ಅಲ್ಲ. ಮೇಲಾಗಿ ‘ವರ್ಣಭೇದ’ದಲ್ಲಿ ಬೇರೆ ವರ್ಣ ಕೂತಿದೆ. ಅದನ್ನು ನಮ್ಮವರು ಬಣ್ಣ ಅಂತ ಓದುತ್ತಾರೋ ನಾಲ್ಕು ವರ್ಣ ಅಂತ ಓದುತ್ತಾರೋ? ‘ಬಣ್ಣಭೇದ’ ಅನ್ನಿ.

ನಾ. ಭ.:

ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿ ಸಮಾಸ ಮಾಡಬಾರದು.

ಅಚ್ಚಗನ್ನಡ:

ಹಾಗಂತ ನಿಮ್ಮ ವ್ಯಾಕರಣ ಹೇಳುತ್ತೆ. ಜನ ಹೇಳಲ್ಲ. ನೂರು ವರ್ಷದಿಂದ ಈ ಅರಿಸಮಾಸದ ಬೆದರಿಕೆ ಹಾಕಿ ಕನ್ನಡದಲ್ಲಿ ಹೊಸ ಪದ ಹುಟ್ಟದ ಹಾಗೆ ಮಾಡಿದ್ದೀರಿ. ಸಂಸ್ಕೃತದಿಂದ ಮೂಟೆಗಟ್ಟಲೆ ತಂದರೆ ಅದು ಪಾಂಡಿತ್ಯ. ಅವನು ‘ಮ್ಯಾಚ್’ ಅಂದರೆ ಅಪಚಾರ.

ಕೊಡಗಿನವ:

ನಿನ್ನೆ ನನ್ನ ಮ್ಯಾಚ್‌ಗೆ ಬೈದವರು ನೀವೇ ಅಲ್ವಾ?

ಅಚ್ಚಗನ್ನಡ:

ಬೈದಿದ್ದು ಸೋಮಾರಿತನಕ್ಕೆ. ಪದಕ್ಕಲ್ಲ.

ಹಳೇ ಡೆಸ್ಕ್:

ಇದಕ್ಕೇ ಹೊಸಬರು ಈ ಗುಂಪಿಗೆ ಬಂದ ವಾರದಲ್ಲೇ ಓಡಿಹೋಗುವುದು.

ಮೇಡಂ, ನಾಮಪದ ಹುಡುಕುವುದನ್ನೇ ಬಿಡಿ. ಇಂಗ್ಲಿಷಿನಲ್ಲಿ ವಾಕ್‌ಓವರ್ ಅನ್ನುವ ಒಂದೇ ಪದದೊಳಗೆ ಎರಡು ಸಂಗತಿ ಸುತ್ತಿಟ್ಟಿದ್ದಾರೆ. ಒಬ್ಬರು ಆಡಲಿಲ್ಲ, ಇನ್ನೊಬ್ಬರು ಗೆದ್ದರು. ಕನ್ನಡದಲ್ಲಿ ಬಿಡಿಸಿ ಎರಡು ವಾಕ್ಯ ಮಾಡಿ. ಭಾರತ ಏನು ಮಾಡಿತು ಅನ್ನುವುದು ಮೊದಲು ಬರಲಿ, ಕಪ್ ಎಲ್ಲಿಗೆ ಹೋಯಿತು ಅನ್ನುವುದು ಆಮೇಲೆ. ‘ನೀಡಿತು’, ‘ಬಿಟ್ಟುಕೊಟ್ಟಿತು’ ಎರಡೂ ಬೇಡ. ‘ಆಡಲು ಒಪ್ಪಲಿಲ್ಲ’ ಅನ್ನಿ. ನಿರಾಕರಿಸಿತು ಅಂದರೂ ನಡೆಯುತ್ತೆ. ನನಗೆ ‘ಒಪ್ಪಲಿಲ್ಲ’ ಜಾಸ್ತಿ ಇಷ್ಟ. ಅದರಲ್ಲಿ ಹಟ ಕೇಳಿಸುತ್ತೆ.

ಎಚ್ಚೆನ್:

ಇದು ಸರಿ. ಇನ್ನೊಂದು ಸಣ್ಣ ಸೇರ್ಪಡೆ. 1937ರಿಂದ 1973ರವರೆಗೆ ಈ ಕಪ್ ಅಮೆರಿಕ, ಆಸ್ಟ್ರೇಲಿಯ ಬಿಟ್ಟು ಬೇರೆಯವರ ಕೈಗೆ ಹೋಗಿರಲಿಲ್ಲ. 1900ರಿಂದ ಲೆಕ್ಕ ಹಾಕಿದರೂ ಗೆದ್ದ ದೇಶಗಳು ನಾಲ್ಕೇ. ಐದನೆಯದು ದಕ್ಷಿಣ ಆಫ್ರಿಕ, ಅದೂ ಫೈನಲ್‌ನಲ್ಲಿ ಒಂದು ಚೆಂಡೂ ಹೊಡೆಯದೆ. ಭಾರತದ ಹೆಸರು ಇವತ್ತಿಗೂ ಆ ಪಟ್ಟಿಯಲ್ಲಿಲ್ಲ. ಆಡದೆ ಉಳಿದದ್ದಕ್ಕೆ ಏನು ಬೆಲೆ ಕೊಟ್ಟರು ಅಂತ ಮಕ್ಕಳಿಗೆ ತಿಳಿಯಬೇಕಾದರೆ ಇದು ಒಂದು ಸಾಲಿನಲ್ಲಿ ಬರಲಿ.

ಸು.:

ಎಲ್ಲರಿಗೂ ಧನ್ಯವಾದ. ಕೆಳಗಿನದನ್ನು ಈಗಲೇ ಕಳಿಸುತ್ತಿದ್ದೇನೆ:

“1974. ಕಲ್ಕತ್ತದಲ್ಲಿ ಭಾರತ ಆಸ್ಟ್ರೇಲಿಯವನ್ನು 3-2 ಪಂದ್ಯಗಳಿಂದ ಸೋಲಿಸಿತು. ಆ ಹಣಾಹಣಿಯಲ್ಲಿ ಒಟ್ಟು 327 ಗೇಮ್‌ಗಳು ನಡೆದವು. ಅಮೃತರಾಜ್ ಸಹೋದರರು ಡಬಲ್ಸ್ ಪಂದ್ಯವೊಂದನ್ನೇ 99 ಗೇಮ್ ಆಡಿ ಗೆದ್ದರು. ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಭಾರತ ಫೈನಲ್ ತಲುಪಿತು. ಎದುರಿಗೆ ದಕ್ಷಿಣ ಆಫ್ರಿಕ. ಅಲ್ಲಿನ ಸರ್ಕಾರ ಮೈಬಣ್ಣ ನೋಡಿ ಜನರನ್ನು ಬೇರೆ ಮಾಡುತ್ತಿತ್ತು. ಅಂಥ ದೇಶದ ಜೊತೆ ಆಡಲು ಭಾರತ ಒಪ್ಪಲಿಲ್ಲ. ಫೈನಲ್ ನಡೆಯಲೇ ಇಲ್ಲ. ಕಪ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಭಾರತ ಇನ್ನೂ ಈ ಕಪ್ ಗೆದ್ದಿಲ್ಲ.”

ವರ್ಣಭೇದವನ್ನು ಬಿಟ್ಟು ಬಿಡಿಸಿ ಹೇಳಿದ್ದೇನೆ, ಬಹಿಷ್ಕಾರವನ್ನೂ ಬಿಟ್ಟಿದ್ದೇನೆ. ಅಂಕಿಗಳಿಗೆ ಜಾಗ ಸಾಲಲಿಲ್ಲ ಎಚ್ಚೆನ್ ಅವರೇ.

ನಾ. ಭ.:

ಪರವಾಗಿಲ್ಲ. ಆದರೂ ‘ವರ್ಣಭೇದ ನೀತಿ’ ಅನ್ನುವ ಪದ ಪಠ್ಯಪುಸ್ತಕದಲ್ಲಿ ಇದೆ. ಮಕ್ಕಳು ಅದನ್ನು ಒಮ್ಮೆ ನೋಡಿಕೊಳ್ಳಲಿ ಅಂತ ಆವರಣದಲ್ಲಾದರೂ ಹಾಕಬಹುದಿತ್ತು.

ಹಳೇ ಡೆಸ್ಕ್:

ಚೆನ್ನಾಗಿದೆ. ಕಳಿಸಿ. ಪ್ರೂಫ್ ಮಾತ್ರ ನೀವೇ ನೋಡಿ. ಫ್ಲೆಕ್ಸ್‌ನವರ ಕೈಯಲ್ಲಿ ಹಣಾಹಣಿ ‘ಹಣಹಣಿ’ ಆಗುವುದಕ್ಕೆ ಒಂದು ನಿಮಿಷ ಸಾಕು.

ಕೊಡಗಿನವ:

‘ಆಫ್ರಿಕ’ದ ಕೊನೆಗೆ ದೀರ್ಘ ಬೇಡವಾ? ಪೇಪರಿನಲ್ಲಿ ಆಫ್ರಿಕಾ, ಆಸ್ಟ್ರೇಲಿಯಾ ಅಂತ ಬರುತ್ತಲ್ಲ.

ಅಚ್ಚಗನ್ನಡ:

ಕನ್ನಡದ ಪದಗಳ ಕೊನೆಗೆ ಆ ದೀರ್ಘ ಬರಲ್ಲ. ಅಮೆರಿಕ, ಆಫ್ರಿಕ ಅಷ್ಟೇ.

ನಾ. ಭ.:

ಇದೊಂದರಲ್ಲಿ ಒಪ್ಪುತ್ತೇನೆ.

ಹಳೇ ಡೆಸ್ಕ್:

ನಾನು ಒಪ್ಪಲ್ಲ. ಆದರೆ ಅದನ್ನು ಬೇರೆ ಎಳೆಯಲ್ಲಿ ಶುರು ಮಾಡಿ.