ಹಲ್ಲಿಲ್ಲದ ಹಲ್ಲಿನ ಪರೀಕ್ಷೆ

"ಬಸಣ್ಣನ ಮಗಳು ಹಲ್ಲಿನ ಡಾಕ್ಟರ್ ಆಗ್ತಾಳಂತೆ" ಎಂದು ಖಾದರ್ ಹೇಳಿದ್ದೇ ತಡ, ಮಿರ್ಚಿ ಕಚ್ಚಲು ಬಾಯಿ ತೆರೆದಿದ್ದ ನಾವೆಲ್ಲ ಗಪ್ಪನೆ ಬಾಯಿ ಮುಚ್ಚಿಕೊಂಡೆವು. ಅಡಿಕೆ, ತಂಬಾಕು, ಬೋರ್‌ವೆಲ್ ನೀರು, ಮೂರೂ ಸೇರಿ ಬಣ್ಣ ಹಚ್ಚಿದ ಹಲ್ಲುಗಳು ನಮ್ಮವು. ಡಾಕ್ಟರಿಗೆ ಇರಲಿ, ಡಾಕ್ಟರಾಗುವವಳ ಅಪ್ಪನಿಗೆ ತೋರಿಸಲೂ ಧೈರ್ಯ ಸಾಲದು.

ಬಸಣ್ಣ ಮಾತ್ರ ಸಪ್ಪಗಿದ್ದ. ಅವನದು ಕಿರಾಣಿ ಅಂಗಡಿ. ಕೊಪ್ಪಳದ ಅರ್ಧ ಓಣಿಗೆ ಸಾಲ ಕೊಟ್ಟವನು. "ಎಂಬಿಬಿಎಸ್ ಸಿಗದವರು ಬಿಡಿಎಸ್ ಮಾಡ್ತಾರೆ ಅಂತ ಕೇಳಿದ್ದೆ. ಇವಳು ಮೊದಲಿನಿಂದಲೇ ನನಗೆ ಬಿಡಿಎಸ್ಸೇ ಬೇಕು ಅಂತಾಳೆ. ಮದುವೆ ಊಟಕ್ಕೆ ಕೂತು ಹೋಳಿಗೆ ಬೇಡ, ಮಜ್ಜಿಗೆ ಹಾಕಿ ಅಂದ ಹಾಗಾಯ್ತು."

"ಮಜ್ಜಿಗೆಗೆ ಏನು ಕಡಿಮೆ?" ಎಂದರು ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಈಗ ಯಾರೂ ಕೇಳದಿದ್ದರೂ ಹೇಳುತ್ತಾರೆ. "ಎರಡಕ್ಕೂ ಒಂದೇ ಪರೀಕ್ಷೆ, ನೀಟ್. 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನ 45, ಜೀವಶಾಸ್ತ್ರ 90. ಕನ್ನಡದಲ್ಲೂ ಬರೀಬಹುದು."

ಖಾದರ್ ಟೈಲರ್. ಬಟ್ಟೆ ಕಂಡರೂ ಲೆಕ್ಕ, ಮಾತು ಕೇಳಿದರೂ ಲೆಕ್ಕ. "ಸರಿಯಾದರೆ 4 ಮಾರ್ಕು, ತಪ್ಪಾದರೆ 1 ಕಟ್, ಬಿಟ್ಟರೆ ಸೊನ್ನೆ. ಅಲ್ವಾ? ಪ್ರಶ್ನೆಗೆ ನಾಲ್ಕು ಆಪ್ಷನ್. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಒಂದಾದರೂ ಹತ್ತುತ್ತೆ. 4 ಬಂತು, 3 ಹೋಯ್ತು, 1 ಲಾಭ! ಹೀಗೇ 180ಕ್ಕೂ ಗೀಚಿದರೆ 45 ಮಾರ್ಕು. ಒಂದಕ್ಷರ ಓದದೆ!"

"45ಕ್ಕೆ ಹಲ್ಲಿನ ಸೀಟಲ್ಲ, ಹಲ್ಲುಜ್ಜುವ ಬ್ರಷ್ಷೂ ಸಿಗಲ್ಲ" ಎಂದರು ಮೇಷ್ಟ್ರು. "ಅದೂ ಅದೃಷ್ಟ ಸಾಧಾರಣವಾಗಿ ಇದ್ದವರಿಗೆ. ನಿನ್ನದು ನಮಗೆ ಗೊತ್ತಿಲ್ವಾ?"

ಈರಣ್ಣ ಅಷ್ಟರಲ್ಲಿ ಬೇರೆ ಯೋಚನೆಗೆ ಬಿದ್ದಿದ್ದ. "ವಯಸ್ಸಿನ ಮಿತಿ ಎಷ್ಟ್ರೀ?"

"ಕಡಿಮೆ ಅಂದರೆ 17 ತುಂಬಬೇಕು. ಹೆಚ್ಚಿಗೆ ಮಿತಿ ಇಲ್ಲ. 2022ರಲ್ಲಿ ತೆಗೆದು ಹಾಕಿದರು."

ಈರಣ್ಣ ನೆಟ್ಟಗೆ ಕೂತ. ಸ್ವಲ್ಪ ಹೊತ್ತು ಅವನ ಮುಖದಲ್ಲಿ ಬಿಳಿ ಕೋಟು ಕಾಣಿಸಿತು. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು ಎಂದು ಮೇಷ್ಟ್ರು ಸೇರಿಸಿದಾಗ ಕೋಟು ಬಿಚ್ಚಿಟ್ಟ. "ನಂದು ಆರ್ಟ್ಸು" ಎಂದ. "ಅದೂ ಪೂರ್ತಿ ಅಲ್ಲ" ಎಂದ ಖಾದರ್.

ಬಸಣ್ಣನ ಸಂಕಟ ಬೇರೆಯೇ ಇತ್ತು. ರಾತ್ರಿ ಮಗಳಿಂದ ಪಾಠ ಒಪ್ಪಿಸಿಕೊಳ್ಳುವುದು ಅವನ ಕೆಲಸ. ಪುಸ್ತಕ ಹಿಡಿದು ಅವನು ಕೂರುತ್ತಾನೆ, ಅವಳು ಕಣ್ಣು ಮುಚ್ಚಿ ಹೇಳುತ್ತಾಳೆ. ಅಂಗಡಿಯಲ್ಲಿ ಬೆಲ್ಲ ತೂಗುವಾಗ ಇವನ ಬಾಯಲ್ಲಿ ಮೈಟೋಕಾಂಡ್ರಿಯಾ ಬರುತ್ತದೆ. ಗಿರಾಕಿಗಳು ಅದನ್ನು ಹೊಸ ಬಿಸ್ಕತ್ತು ಅಂದುಕೊಂಡಿದ್ದಾರೆ.

"ನಾನೂ ಕಾದು ನೋಡಿದೆ ಮೇಷ್ಟ್ರೇ" ಎಂದ. "ಕಪ್ಪೆ ಬಂತು. ರಾಟೆ ಬಂತು. ಬಟಾಣಿ ಗಿಡ ಎತ್ತರವೋ ಗಿಡ್ಡವೋ, ಅದೂ ಬಂತು. ಹಲ್ಲು ಯಾವಾಗ ಬರುತ್ತೆ?"

ಮೇಷ್ಟ್ರು ಚಹಾ ಕೆಳಗಿಟ್ಟರು. "ಬರಲ್ಲ."

"ಅಂದ್ರೆ?"

"ಇತ್ತು. ಹನ್ನೊಂದನೇ ಕ್ಲಾಸಿನಲ್ಲಿ ಜೀರ್ಣಕ್ರಿಯೆ ಅಂತ ಒಂದು ಪಾಠ ಇತ್ತು. ಅದರ ಬಾಗಿಲಲ್ಲೇ ಹಲ್ಲು. ಬಾಚಿಹಲ್ಲು 2, ಕೋರೆಹಲ್ಲು 1, ಮುಂದವಡೆ 2, ಹಿಂದವಡೆ 3. ಅರ್ಧ ದವಡೆಗೆ 8, ನಾಲ್ಕು ಕಡೆ ಸೇರಿ 32. ಮಕ್ಕಳಿಗೆಲ್ಲ ನಾಲಗೆಯಿಂದ ಎಣಿಸಿಕೊಳ್ಳಿ ಅಂತ ಹೇಳ್ತಿದ್ದೆ. ಇಡೀ ಕ್ಲಾಸು ಮುಖ ಸೊಟ್ಟ ಮಾಡಿಕೊಂಡು ಕೂತಿರೋದು. ಒಮ್ಮೆ ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿ, ನನ್ನನ್ನೇ ಅಣಕಿಸ್ತಿದ್ದಾರೆ ಅಂತ ಸಿಟ್ಟಾಗಿದ್ದರು. ಕೊರೊನಾ ಆದಮೇಲೆ ಹೊರೆ ಇಳಿಸ್ತೀವಿ ಅಂತ 2022ರಲ್ಲಿ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿಯವರು ಆ ಪಾಠ ತೆಗೆದರು. 2024ರ ನೀಟ್ ಸಿಲಬಸ್ಸಿನಿಂದಲೂ ಹೋಯ್ತು."

ನಾವು ಮುಖ ಮುಖ ನೋಡಿಕೊಂಡೆವು. ಹಲ್ಲಿನ ಡಾಕ್ಟರಾಗುವ ಪರೀಕ್ಷೆ. ಹಲ್ಲಿನ ಪಾಠವೇ ಇಲ್ಲ. ಖಾದರ್‌ಗೆ ನಗು ತಡೆಯಲಾಗಲಿಲ್ಲ. ಬಸಣ್ಣನಿಗೆ ಅದು ನಗುವ ವಿಷಯ ಆಗಿರಲಿಲ್ಲ. "ಮತ್ತೆ ಕಪ್ಪೆ?" ಎಂದ.

"ಕಪ್ಪೆ ಇದೆ. ಅದಕ್ಕೂ ಹಲ್ಲಿರೋದು ಮೇಲಿನ ದವಡೆಯಲ್ಲಿ ಮಾತ್ರ, ಕೆಳಗೆ ಬೋಳು."

"ನಮ್ಮ ಅತ್ತೆಗೂ ಹಾಗೇ" ಎಂದ ಈರಣ್ಣ.

"ಪೂರ್ತಿ ಇಲ್ಲ ಅನ್ನೋ ಹಾಗೂ ಇಲ್ಲ" ಎಂದು ಮೇಷ್ಟ್ರು ಸಮಾಧಾನಕ್ಕೆ ಇಳಿದರು. "ಪ್ರಾಣಿ ಸಾಮ್ರಾಜ್ಯ ಅನ್ನೋ ಪಾಠದಲ್ಲಿ ಶಾರ್ಕ್ ಮೀನಿನ ಹಲ್ಲು ಇನ್ನೂ ಇದೆ. ಮೈ ಮೇಲಿನ ಹುರುಪೆಯೇ ಬದಲಾಗಿ ಹಲ್ಲಾಗಿರುತ್ತೆ, ಎಲ್ಲ ಒಳಗಡೆಗೆ ಬಾಗಿರುತ್ತೆ. ಪ್ರಶ್ನೆ ಬಂದರೂ ಬರಬಹುದು."

"ಕೊಪ್ಪಳದಲ್ಲಿ ಶಾರ್ಕಿಗೆ ಹಲ್ಲು ನೋವು ಬಂದರೆ ನನ್ನ ಮಗಳು ರೆಡಿ ಅಂತಾಯ್ತು" ಎಂದ ಬಸಣ್ಣ.

ಮೇಷ್ಟ್ರಿಗೆ ಹುರುಪು ಬಂತು. ಇನ್ನೂ ಒಂದು ತೆಗೆದಿದ್ದಾರೆ, ಅದು ನಿಮಗೇ ಸಂಬಂಧಪಟ್ಟದ್ದು ಎಂದರು. ರಸಾಯನಶಾಸ್ತ್ರದಲ್ಲಿ ಪರಿಸರದ ಪಾಠ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಳತೆಯಲ್ಲಿದ್ದರೆ, ಲೀಟರಿಗೆ 1 ಮಿಲಿಗ್ರಾಂನಷ್ಟು, ಹಲ್ಲಿನ ಮೇಲ್ಪದರ ಗಟ್ಟಿಯಾಗುತ್ತದೆ. 2 ದಾಟಿದರೆ ಹಲ್ಲಿನ ಮೇಲೆ ಕಂದು ಕಲೆ. 10 ದಾಟಿದರೆ ಮೂಳೆಗೇ ಕುತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರನ್ನು ನಗಿಸಿ ನೋಡಿದರೆ ಇಡೀ ಪಾಠ ಬಾಯಲ್ಲೇ ಕಾಣುತ್ತದೆ. ಅಂಥ ಜಿಲ್ಲೆಯ ಮಕ್ಕಳಿಗೆ ಆ ಪಾಠವೇ ಇಲ್ಲ. ಮಕ್ಕಳ ಹೊರೆ ಇಳಿಸಬೇಕು ನಿಜ, ನನಗೂ ಒಪ್ಪಿಗೆ. ಆದರೆ ಇಳಿಸಲು ಸಿಕ್ಕಿದ್ದು ಇದೇನಾ? ರಾಟೆಗೆ ಹಗ್ಗ ಸುತ್ತಿ ಕಲ್ಲು ಎಳೆಯುವ ಲೆಕ್ಕದಲ್ಲಿ ಒಂದೆರಡು ಕಲ್ಲು ಇಳಿಸಬಹುದಿತ್ತಲ್ಲ.

"ಅದಕ್ಕೇ ಅವಳು ಹಲ್ಲು ಹಲ್ಲು ಅನ್ನೋದು" ಎಂದ ಬಸಣ್ಣ. ಅವನ ಹೆಂಡತಿಯ ತವರು ಕುಷ್ಟಗಿ ಕಡೆ. "ಅಜ್ಜಿ ಊರಿಗೆ ಹೋದರೆ ಬಂದವರ ಮುಖ ನೋಡಲ್ಲ, ಬಾಯಿ ನೋಡ್ತಾಳೆ. ಪಾಪ, ಎಮ್ಮೆ ವ್ಯಾಪಾರಕ್ಕೆ ಬಂದಿದ್ದಾಳೆ ಅಂದುಕೊಂಡರು ಅಲ್ಲಿಯವರು."

ಅಮೆರಿಕದ ವಿಷಯ ತೆಗೆದಿದ್ದೂ ಮೇಷ್ಟ್ರೇ. ಅಲ್ಲಿ ಹಲ್ಲಿನ ಕಾಲೇಜಿಗೇ ಅಂತ ಬೇರೆ ಪರೀಕ್ಷೆ ಇದೆ, ಹೆಸರು ಡ್ಯಾಟ್. ಅದರಲ್ಲಿ ಒಂದು ಭಾಗ ಬರೀ ಕಣ್ಣಿನದು. 60 ನಿಮಿಷಕ್ಕೆ 90 ಪ್ರಶ್ನೆ. ಕಾಗದ ಮಡಚಿ ತೂತು ಹಾಕಿ ಬಿಚ್ಚಿದರೆ ತೂತು ಎಲ್ಲೆಲ್ಲಿ ಬರುತ್ತೆ? ನಾಲ್ಕು ಕೋನಗಳಲ್ಲಿ ಚಿಕ್ಕದು ಯಾವುದು, ದೊಡ್ಡದು ಯಾವುದು? ಬಿಡಿಸಿಟ್ಟ ನಕ್ಷೆ ಮಡಚಿದರೆ ಯಾವ ಡಬ್ಬಿ ಆಗುತ್ತೆ?

ಖಾದರ್ ಎದ್ದು ನಿಂತ. "ಇದನ್ನೇ ಅಲ್ವಾ ನಾನು ದಿನಾ ಮಾಡೋದು? ಬಟ್ಟೆ ನಾಲ್ಕು ಮಡಿಕೆ ಮಾಡಿ ಕತ್ತರಿ ಹಾಕಿದರೆ ಕೊರಳು ಎಲ್ಲಿ ಬರುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ."

"ಹೋದ ದೀಪಾವಳಿಗೆ ನನ್ನ ಅಂಗಿಯಲ್ಲಿ ಕೊರಳು ಎಲ್ಲಿ ಬಂದಿತ್ತು?" ಎಂದ ಈರಣ್ಣ. ಖಾದರ್ ಕೂತ.

"ಕೇಳಿ ಇಲ್ಲಿ" ಎಂದರು ಮೇಷ್ಟ್ರು. "ಹಿಂದೆ ಆ ಪರೀಕ್ಷೆಯಲ್ಲಿ ಸೀಮೆಸುಣ್ಣದ ಕಡ್ಡಿ ಕೊಟ್ಟು ಕೆತ್ತಿಸ್ತಿದ್ದರು. ಕೆನಡಾದಲ್ಲಂತೂ ಮೊನ್ನೆ ಮೊನ್ನೆಯವರೆಗೂ ಸೋಪು ಕೆತ್ತಿಸ್ತಿದ್ದರು. ಕೈ ನಡುಗುತ್ತೋ ಇಲ್ವೋ ನೋಡೋಕೆ."

"ನಮ್ಮಲ್ಲಿ ಮೈಸೂರು ಸ್ಯಾಂಡಲ್ ಕೊಟ್ಟರೆ ಯಾರೂ ಕೆತ್ತಲ್ಲ. ಕಿಸೆಗೆ ಹಾಕ್ಕೊಂಡು ಬರ್ತಾರೆ" ಎಂದ ಬಸಣ್ಣ. ಕಿರಾಣಿಯವನ ಅನುಭವದ ಮಾತು.

ಆದರೆ ಈರಣ್ಣ ಈಗ ನಿಜವಾಗಿಯೂ ಎಚ್ಚರಗೊಂಡಿದ್ದ. ಅವನ ಸೋದರಮಾವನ ಮನೆ ಕಿನ್ನಾಳದಲ್ಲಿ. ಗೊಂಬೆ ಮಾಡುವ ಮನೆತನ. ಹಗುರ ಮರ ಕೆತ್ತುವುದು, ಸಂದಿಗೆ ಹುಣಸೆ ಬೀಜದ ಅಂಟು ಮೆತ್ತುವುದು, ಉಜ್ಜಿ ನಯ ಮಾಡುವುದು, ಬಣ್ಣ ಹಚ್ಚುವುದು. "ಕೆತ್ತೋದು ಬಂತು, ಸಂದಿ ತುಂಬೋದು ಬಂತು, ಪಾಲಿಶ್ ಬಂತು. ಹಲ್ಲಿನ ಡಾಕ್ಟರಿಗೆ ಇನ್ನೇನು ಬೇಕು? ನಮ್ಮ ಮಾವನ ಮಕ್ಕಳಿಗೆ ಸೋಪು ಕೊಟ್ಟು ಕೂರಿಸಿ, ಕರ್ನಾಟಕಕ್ಕೆ ಫಸ್ಟ್ ರ‍್ಯಾಂಕ್ ಕಿನ್ನಾಳಕ್ಕೇ!"

ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. "ಬಿಡಿಎಸ್ ಮೊದಲ ವರ್ಷದಲ್ಲಿ ಮೇಣದ ಗಟ್ಟಿ ಕೊಟ್ಟು ಹಲ್ಲು ಕೆತ್ತಿಸ್ತಾರೆ ಗೊತ್ತಾ? ಒಂದೊಂದು ಹಲ್ಲಿನ ಉಬ್ಬು ತಗ್ಗು ಅಳತೆಗೆ ಸರಿಯಾಗಿ ಬರಬೇಕು. ಒಳಗೆ ಹೋಗುವಾಗ ಯಾರೂ ಕೈ ನೋಡಲ್ಲ. ಒಳಗೆ ಹೋದಮೇಲೆ ಕೈಯೇ ಎಲ್ಲ."

ಬಸಣ್ಣ ತನ್ನ ಕೈ ನೋಡಿಕೊಂಡ. ಮಗಳ ಕೈ ಹೇಗಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದನೋ ಏನೋ. "ರೊಟ್ಟಿ ಚೆನ್ನಾಗಿ ತಟ್ಟುತ್ತಾಳೆ" ಎಂದ. ಅದು ಎಷ್ಟು ಮಾರ್ಕಿನ ಪ್ರಶ್ನೆ ಎಂದು ಯಾರಿಗೂ ತಿಳಿಯಲಿಲ್ಲ.

ಸೀಟಿನ ಮಾತು ಬಂದಾಗ ಅವನಿಗೆ ಸ್ವಲ್ಪ ಜೀವ ಬಂತು. ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ, ಹತ್ತಿರ. ನಮ್ಮ ಕಡೆಯವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70, ಹೊರಗಿನ ಕಾಲೇಜುಗಳಲ್ಲಿ ನೂರಕ್ಕೆ 8. ಸೀಟು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಐದು ವರ್ಷ ಎಂದು ಕೇಳಿದ ಕೂಡಲೇ ಖಾದರ್ ತನ್ನ ಹಿಂದವಡೆ ಮುಟ್ಟಿ ನೋಡಿಕೊಂಡ. ಅಲ್ಲಿವರೆಗೂ ತಡೆಯುವ ಭರವಸೆ ಅವನಿಗೆ ಇದ್ದ ಹಾಗೆ ಕಾಣಲಿಲ್ಲ.

"ಅದೆಲ್ಲ ಇರಲಿ" ಎಂದ ಬಸಣ್ಣ. "ಪರೀಕ್ಷೆ ದಿನದ್ದೇ ದೊಡ್ಡ ಕತೆ. ಮೇ ತಿಂಗಳ ಬಿಸಿಲು, ಮಧ್ಯಾಹ್ನ 2ಕ್ಕೆ ಶುರು, ಒಂದೂವರೆಗೇ ಗೇಟ್ ಬಂದ್. ಬೂಟು ಬೇಡ, ಚಪ್ಪಲಿ ಹಾಕ್ಕೊಳ್ಳಿ. ಓಲೆ, ಬಳೆ, ವಾಚು ಏನೂ ಬೇಡ. ಪೆನ್ನೂ ಅವರೇ ಕೊಡ್ತಾರೆ. ತುಂಬು ತೋಳು ಹಾಕೋ ಹಾಗಿಲ್ಲ. ಇವಳದ್ದೆಲ್ಲ ತುಂಬು ತೋಳೇ."

"ತಗೊಂಡು ಬಾ, ಅರ್ಧ ಮಾಡಿ ಕೊಡ್ತೀನಿ" ಎಂದ ಖಾದರ್. ಟೇಪು ಕೊರಳಿಂದ ಇಳಿದು ಕೈಗೆ ಬಂದಿತ್ತು.

"ಕೂಲಿ ಎಷ್ಟು?"

"ನೀಟ್ ಲೆಕ್ಕ. ತೋಳು ಸರಿಯಾಗಿ ಬಂದರೆ 40 ರೂಪಾಯಿ ಕೊಡು. ಹೆಚ್ಚು ಕಡಿಮೆಯಾದರೆ 10 ಕಟ್."

ಬಸಣ್ಣ ಈರಣ್ಣನ ಅಂಗಿಯ ಕೊರಳನ್ನು ಒಂದು ಸಲ ನೋಡಿದ.

"ಈ ಪ್ರಶ್ನೆ ಬಿಟ್ಟುಬಿಡೋಣ ಖಾದರ್" ಎಂದ. "ಬಿಟ್ಟರೆ ಸೊನ್ನೆ ತಾನೇ?"