ಕತ್ತಿನ ನೋವು: ‘ನಿಮಗೆಂದೇ ರೂಪಿಸಿದ ಚಿಕಿತ್ಸೆ’ಗೂ ಪರೀಕ್ಷೆ ಬೇಕೇ?

(ಕುಟುಂಬದ ಗುಂಪು. ಬ್ರಿಸ್ಬೇನ್‌ನಲ್ಲಿರುವ ಅಕ್ಕನಿಗೆ ಅಲ್ಲಿಯ ಕ್ಲಿನಿಕ್ಕೊಂದು ಕೊಟ್ಟ ಕರಪತ್ರದ ಫೋಟೊವನ್ನು ಮಾವ ಹಂಚಿಕೊಂಡಿದ್ದಾರೆ.)

ಮಾವ: ಎಲ್ಲರೂ ಓದಿ. ಒಬ್ಬೊಬ್ಬರ ಕತ್ತನ್ನೂ ಬೇರೆಯಾಗಿ ಪರಿಶೀಲಿಸಿ, ಅವರವರಿಗೆ ತಕ್ಕ ಔಷಧ, ವ್ಯಾಯಾಮ, ಸಮಾಲೋಚನೆ ಕೊಡುತ್ತಾರಂತೆ. ನೋವು ಹೋಗದಿದ್ದರೆ ಕೀಲಿನ ನರವನ್ನು ಸುಡುವ ಚಿಕಿತ್ಸೆಯೂ ಇದೆಯಂತೆ. ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿದಾಗಿನಿಂದ ಕತ್ತು ತಿರುಗಿಸಲಾಗದೆ ಒದ್ದಾಡುತ್ತಿರುವ ನಮ್ಮ ಹುಡುಗಿ ತಡಮಾಡದೆ ಸೇರಿಕೊಳ್ಳಲಿ.

ನಾನು: ಮಾವ, ಮಾತು ಹಿತವಾಗಿದೆ, ಆದರೆ ಅದನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಕ್ವೀನ್ಸ್‌ಲ್ಯಾಂಡಿನ ಗ್ವೆಂಡೊಲೆನ್ ಜುಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಘಾತವಾಗಿ ನಾಲ್ಕು ವಾರ ದಾಟದ 101 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಈ ಕರಪತ್ರ ಹೇಳುವಂತೆಯೇ ತಪಾಸಣೆಗೆ ತಕ್ಕ ಚಿಕಿತ್ಸೆ ಕೊಟ್ಟರು. ಉಳಿದವರು ವಾಡಿಕೆಯ ಚಿಕಿತ್ಸೆ ಪಡೆದರು. ಆರು ತಿಂಗಳಿಗಾಗಲಿ ವರ್ಷಕ್ಕಾಗಲಿ ಚೇತರಿಸಿಕೊಂಡವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಚಿಕ್ಕಪ್ಪ: ಅದು ಗುಂಪಿನ ಸರಾಸರಿ. ಅದನ್ನು ಹಿಡಿದುಕೊಂಡು ಒಬ್ಬಳ ನೋವಿನ ಬಗ್ಗೆ ತೀರ್ಪು ಕೊಡಬಹುದೇ? ನನ್ನ ಸಹೋದ್ಯೋಗಿಯೊಬ್ಬರಿಗೆ ಕತ್ತಿಗೆ ಇಂಜೆಕ್ಷನ್ ಕೊಟ್ಟ ಮೇಲೆ ನೋವು ಪೂರ್ತಿ ಹೋಯಿತು.

ನಾನು: ಚಿಕ್ಕಪ್ಪ, ಇದಕ್ಕೆ ಉತ್ತರ 1996ರ ಇನ್ನೊಂದು ಆಸ್ಟ್ರೇಲಿಯದ ಪ್ರಯೋಗದಲ್ಲಿದೆ. ಸೂಸನ್ ಲಾರ್ಡ್, ನಿಕೊಲಾಯ್ ಬೊಗ್ಡುಕ್ ಮತ್ತಿತರರು ಕಾರಿನ ಅಪಘಾತದ ನಂತರ ಕತ್ತಿನ ಹಿಂಬದಿಯ ಸಣ್ಣ ಕೀಲುಗಳಲ್ಲಿ ನೋವು ಉಳಿದ 24 ಜನರನ್ನು ಆರಿಸಿಕೊಂಡರು. ಆರಿಸಿದ ಬಗೆಯೇ ಮುಖ್ಯ: ನೋವು ಯಾವ ಕೀಲಿನದು ಎಂದು ತಿಳಿಯಲು ಅಲ್ಲಿಯ ನರವನ್ನು ಮರಗಟ್ಟಿಸುವ ಮದ್ದನ್ನೂ ಬರೀ ಲವಣಜಲವನ್ನೂ ಬೇರೆ ಬೇರೆ ಸಲ ಚುಚ್ಚಿದರು, ಯಾವುದು ಯಾವಾಗ ಎಂಬುದನ್ನು ರೋಗಿಗೆ ತಿಳಿಸಲಿಲ್ಲ. ಮದ್ದಿಗೆ ನೋವು ಇಳಿದು, ಲವಣಜಲಕ್ಕೆ ಇಳಿಯದವರನ್ನಷ್ಟೇ ತೆಗೆದುಕೊಂಡರು. ಹೀಗೆ ಮೊದಲ ಪರೀಕ್ಷೆ ನಡೆದದ್ದು ಅವರವರ ಕತ್ತಿನಲ್ಲೇ. ಆಮೇಲೆ 12 ಜನರಿಗೆ ಆ ನರವನ್ನು 80 ಡಿಗ್ರಿ ಶಾಖದಲ್ಲಿ ಸುಟ್ಟರು; ಉಳಿದ 12 ಜನರಿಗೆ ಸೂಜಿ ಇಳಿಸಿದರೂ ವಿದ್ಯುತ್ ಹರಿಸಲಿಲ್ಲ. ಇಳಿದ ನೋವು ಮತ್ತೆ ಮೊದಲಿನ ಅರ್ಧದಷ್ಟಕ್ಕೆ ಏರಲು ಸುಡಿಸಿಕೊಂಡವರಲ್ಲಿ ಮಧ್ಯಮ ಲೆಕ್ಕದಲ್ಲಿ (ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರಿಗೆ) 263 ದಿನ ಹಿಡಿಯಿತು, ಸುಡದವರಲ್ಲಿ 8 ದಿನ. ಆದರೆ 27 ವಾರಗಳಾದಾಗ ನೋವಿಲ್ಲದೆ ಇದ್ದವರಲ್ಲಿ ಸುಡಿಸಿಕೊಂಡ 7 ಜನರ ಜೊತೆಗೆ, ಏನನ್ನೂ ಸುಡಿಸಿಕೊಳ್ಳದ ಒಬ್ಬರೂ ಇದ್ದರು! ಅವರೊಬ್ಬರನ್ನೇ ಕೇಳಿದ್ದರೆ ಬರೀ ಸೂಜಿಯೇ ಗುಣಪಡಿಸಿತು ಎಂದು ಹೇಳುತ್ತಿದ್ದರು. ನಿಮ್ಮ ಸಹೋದ್ಯೋಗಿಯ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಅದರಿಂದ ಕಾರಣ ತಿಳಿಯುವುದಿಲ್ಲ, ಅಷ್ಟೇ.

ಚಿಕ್ಕಪ್ಪ: ಹಾಗಿದ್ದರೆ ಒಬ್ಬರಿಗೆ ಏನು ಒಗ್ಗುತ್ತದೆ ಎಂದು ತಿಳಿಯುವ ದಾರಿಯೇ ಇಲ್ಲವೇ?

ನಾನು: ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಟ್ ಮತ್ತು ಸಂಗಡಿಗರು 1986ರಲ್ಲೇ ಒಬ್ಬನೇ ರೋಗಿಯ ಮೇಲಿನ ಪ್ರಯೋಗವನ್ನು ವಿವರಿಸಿದ್ದಾರೆ. ಕೆಲವು ದಿನ ಔಷಧ, ಕೆಲವು ದಿನ ಅದರಂತೆಯೇ ಕಾಣುವ, ಔಷಧವಿಲ್ಲದ ಮಾತ್ರೆ. ಸರದಿಯನ್ನು ಚೀಟಿ ಎತ್ತಿದಂತೆ ನಿಗದಿ ಮಾಡಿ, ಅದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನೋಡಿಕೊಂಡು ದಿನದಿನದ ನೋವನ್ನು ಬರೆದಿಡುತ್ತಾರೆ. ಬೇಗ ಕೆಲಸ ಮಾಡಿ ಬೇಗ ಇಳಿಯುವ ಔಷಧಕ್ಕೆ ಮತ್ತು ಬಹುಕಾಲದಿಂದ ಒಂದೇ ತೆರನಾಗಿರುವ ನೋವಿಗೆ ಮಾತ್ರ ಇದು ಹೊಂದುತ್ತದೆ. ಪೆಟ್ಟು ಬಿದ್ದ ಹೊಸತರಲ್ಲಿ ಕತ್ತು ತಾನಾಗಿಯೇ ಸುಧಾರಿಸುತ್ತಿರುತ್ತದಾದ್ದರಿಂದ ಯಾವ ಮದ್ದಿಗೂ ಪುಕ್ಕಟೆ ಕೀರ್ತಿ ಬಂದುಬಿಡುತ್ತದೆ.

ಮಾವ: ನೋವಿನಲ್ಲಿರುವವರಿಗೆ ಬೇಕೆಂದೇ ಉಪ್ಪುನೀರು ಚುಚ್ಚುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲಮ್ಮ. ವೈದ್ಯರ ಮೇಲೆ ನಂಬಿಕೆಯೂ ಬೇಕಲ್ಲವೇ?

ನಾನು: ಮೊದಲೇ ತಿಳಿಸಿ, ಒಪ್ಪಿಗೆ ಪಡೆದೇ ಮಾಡುತ್ತಾರೆ ಮಾವ. ಕಾರಣವಿಲ್ಲದ ಕೀಲಿನ ನರವನ್ನು ಸುಡಿಸಿಕೊಳ್ಳುವುದಕ್ಕಿಂತ ಅದು ಮೇಲು. ಸುಟ್ಟ ನರ ಮತ್ತೆ ಬೆಳೆದಾಗ ನೋವು ಮರಳಬಹುದು ಎಂಬುದನ್ನೂ ಕರಪತ್ರ ಹೇಳಬೇಕಿತ್ತು.

ಅಕ್ಕ: ಮಾವ, ನೀವು ನನ್ನ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೀರಿ, ನನಗೆ ಗೊತ್ತು. ಆದರೂ ಹಣ ಕಟ್ಟುವ ಮೊದಲು, ಯಾವ ಕೀಲು ಎಂಬುದನ್ನು ಹೇಗೆ ಖಚಿತಪಡಿಸುತ್ತೀರಿ, ಒಂದೇ ಚುಚ್ಚುಮದ್ದಿನಿಂದಲೋ ಅಥವಾ ಹೋಲಿಕೆಗೆ ಇನ್ನೊಂದು ಸಲವೂ ಚುಚ್ಚುತ್ತೀರೋ ಎಂದು ಅವರನ್ನು ಕೇಳುತ್ತೇನೆ. ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.